ಏಳು ಸಾಲಿನ ಹಾಳೆ

ಓಫೆನ್‌ಬಾಖ್, ಜರ್ಮನಿ
ಭಾನುವಾರ, 21 ನವೆಂಬರ್ 2004

ಪ್ರೀತಿಯ ನೀಲಕ್ಕನಿಗೆ,

ನಿನ್ನ ತಂಗಿ ವಿಜಿಯ ಶರಣು. ಸಿದ್ದರಾಮಪ್ಪ ಮಾವನಿಗೂ ನನ್ನ ಶರಣು ಹೇಳು. ದೀಪಾವಳಿಗೆ ಮುಂಚೆ ಬರೆದ ನಿನ್ನ ಎರಡೂ ಪತ್ರಗಳು ಬಂದು ಮುಟ್ಟಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ, ಇದು ನನ್ನದೇ ತಪ್ಪು. ಕೆಲಸ ಹೆಚ್ಚಾಗಿತ್ತು ಎಂದು ಬರೆದರೆ ನೀನು ನಂಬುವವಳಲ್ಲ. ಪುರುಸೊತ್ತು ಬೇಕಾದಷ್ಟಿತ್ತು, ಧೈರ್ಯ ಇರಲಿಲ್ಲ.

‘ವಾರಕ್ಕೊಮ್ಮೆ ಫೋನು ಮಾಡುತ್ತೀಯಲ್ಲ, ಅದರಲ್ಲೇ ಹೇಳಬಾರದೇನು’ ಎನ್ನುತ್ತೀ. ಫೋನಿನ ಪಕ್ಕದಲ್ಲಿ ಪವಿ ನಿಂತಿರುತ್ತಾಳೆ ಅಕ್ಕಾ. ನಿನ್ನ ಮುಖ ನೋಡಿಯೇ ಅವಳು ಅರ್ಧ ತಿಳಿದುಕೊಳ್ಳುತ್ತಾಳೆ. ಅದಕ್ಕೇ ಈ ಪತ್ರ. ಇದನ್ನು ಅವಳು ಶಾಲೆಗೆ ಹೋದ ಮೇಲೆ ಓದು.

ಪವಿಯ ವೀಸಾಕ್ಕೆ ಚೆನ್ನೈಯಲ್ಲಿ ಡಿಸೆಂಬರ್ ಹದಿನಾಲ್ಕಕ್ಕೆ ದಿನ ಗೊತ್ತಾಗಿದೆ. ಅವಳ ಅಪ್ಪ ಹುಬ್ಬಳ್ಳಿಯಲ್ಲಿ ಇನ್ನೊಂದು ಸಂಸಾರ ಹೂಡಿದ ಮೇಲೆ ಕೋರ್ಟು ಅವಳನ್ನು ನನಗೆ ಒಪ್ಪಿಸಿದ ಕಾಗದ ನಿನ್ನ ಹತ್ತಿರವೇ ಇದೆ. ಜನ್ಮದಾಖಲೆ ಇದೆ, ಫೋಟೋ ಇದೆ. ಇಲ್ಲಿಂದ ಬರಬೇಕಾದದ್ದು ಒಂದೇ: ನನ್ನ ನೌಕರಿ ಕಾಯಂ, ಮಗು ಬಂದರೆ ಸಾಕುವ ತಾಕತ್ತು ಇವಳಿಗಿದೆ ಎಂದು ನಮ್ಮ ಮಾಲೀಕರು ಬರೆದುಕೊಡುವ ಪತ್ರ. ಅದೇ ಪತ್ರ ತೋರಿಸಿದರೆ ಪಕ್ಕದ ಓಣಿಯ ಎರಡು ಕೋಣೆಯ ವೋನುಂಗ್, ಅಂದರೆ ಮನೆ, ನನಗೆ ಬಾಡಿಗೆಗೆ ಸಿಗುತ್ತದೆ. ಎರಡು ತಿಂಗಳಿಂದ ನೀನು ಕೇಳುತ್ತಿರುವುದೂ ಅದನ್ನೇ. ‘ಅಷ್ಟು ದೊಡ್ಡ ಮನಿಶ್ಯಾ ಅಂತೀ, ಒಂದು ಕಾಗದ ಬರಕೊಡಾಕ ಏನ್ ಧಾಡಿ ಅವಂಗ?’ ಎಂದು ಬರೆದಿದ್ದೆ. ಅವರಿಗೆ ಏನೂ ಧಾಡಿ ಇಲ್ಲ. ನಾನು ಕೇಳೇ ಇಲ್ಲ. ಯಾಕೆಂದರೆ ನನಗೊಬ್ಬ ಮಗಳಿದ್ದಾಳೆಂದು ಅವರಿಗೆ ಗೊತ್ತೇ ಇಲ್ಲ.

ಬಯ್ಯುವ ಮುಂಚೆ ಪೂರ್ತಿ ಓದು.

ಎರಡು ವರ್ಷದ ಹಿಂದೆ ಎಷ್‌ಬಾರ್ನ್‌ನ ನಾನಿದ್ದ ಕಂಪನಿ ಮುಚ್ಚಿದ್ದು ನಿನಗೆ ಗೊತ್ತು. ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಕೊಟ್ಟ ಗ್ರೀನ್ ಕಾರ್ಡಿನ ಮೇಲೆ ಬಂದ ನಮಗೆಲ್ಲ ಪರದೇಶಿಗಳ ಕಚೇರಿಯವರು ಬೇಗ ಬೇರೆ ನೌಕರಿ ಹುಡುಕಿಕೊಳ್ಳಿ, ಇಲ್ಲವೇ ಹೊರಡಿ ಎಂದರು. ಮೂವತ್ತು ಕಡೆ ಅರ್ಜಿ ಹಾಕಿದ್ದೆ. ಆಗ ನಮ್ಮ ಈಗಿನ ಮಾಲೀಕರು, ಜಪಾನಿನ ಕುವಾಬಾರ ಸಾನ್ (ಸಾನ್ ಎಂದರೆ ನಮ್ಮಲ್ಲಿ ‘ಅವರು’ ಎಂದ ಹಾಗೆ) ಅವರ ಡಿಸೈನ್ ಸ್ಟುಡಿಯೋಗೆ ಪ್ರೋಗ್ರಾಂ ಬರೆಯುವವರು ಬೇಕಾಗಿದ್ದಾರೆಂದು ತಿಳಿಯಿತು. ಹಳೆಯ ಚರ್ಮದ ಚೀಲದ ಕಾರ್ಖಾನೆಯಲ್ಲಿ ಒಂದು ಉದ್ದನೆಯ ಮೇಜು, ಮೂರು ಜನ. ನಮ್ಮ ಗದಗಿನ ಅಂಗಡಿ ಬೋರ್ಡಿನಲ್ಲಿ ಮಾಲೀಕ, ಅವನ ಅಪ್ಪ, ಮನೆದೇವರು, ಫೋನ್ ನಂಬರು ಎಲ್ಲ ಇರುತ್ತವಲ್ಲ, ಇವರ ಬಾಗಿಲಿಗೆ ಬೋರ್ಡೇ ಇರಲಿಲ್ಲ. ಅಂಚೆಯವನು ಮೂರು ಸಲ ವಾಪಸ್ ಹೋದ ಮೇಲೆ ಉಗುರಿನಷ್ಟು ದೊಡ್ಡ ಅಕ್ಷರದಲ್ಲಿ ಹೆಸರು ಬರೆಸಿದರಂತೆ.

ಅವರು ಅರ್ಜಿಯಲ್ಲಿ ಕೇಳಿದ್ದು ಒಂದೇ ಹಾಳೆ, ಏಳೇ ಸಾಲು. ‘ನೀವು ಯಾರು ಎಂಬುದಕ್ಕೆ ಬೇಡವಾದದ್ದನ್ನೆಲ್ಲ ತೆಗೆಯಿರಿ’ ಎಂದಿದ್ದರು. ನಾನು ಹನ್ನೊಂದು ಸಾಲು ಬರೆದು, ಅದರಲ್ಲಿ ನಾಲ್ಕು ತೆಗೆದೆ. ತೆಗೆದ ನಾಲ್ಕರಲ್ಲಿ ‘ಒಬ್ಬಳು ಮಗಳು, ಆರು ವರ್ಷ, ಊರಿನಲ್ಲಿ ಅಕ್ಕನ ಹತ್ತಿರ’ ಎಂಬುದೂ ಒಂದು. ಇಲ್ಲಿಯವರು ಅರ್ಜಿಯಲ್ಲಿ ಮದುವೆ, ಮಕ್ಕಳು ಎಲ್ಲವನ್ನೂ ಬರೆಯುತ್ತಾರೆ, ಬರೆಯದಿದ್ದರೆ ಇಲ್ಲವೆಂದೇ ಲೆಕ್ಕ. ನನ್ನನ್ನು ಒಂಟಿ ಎಂದುಕೊಂಡರು. ನಾನೂ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡೆ. ಆಮೇಲೆ ಹೇಳಿದರಾಯಿತು ಎಂದು ಒಂದು ತಿಂಗಳು ಸುಮ್ಮನಿದ್ದೆ, ಒಂದು ತಿಂಗಳು ಎರಡು ವರ್ಷವಾಯಿತು. ಹೋದ ವರ್ಷ ಊರಿಗೆ ಬಂದಾಗಲೂ ಅಕ್ಕನನ್ನು ನೋಡಿ ಬರುತ್ತೇನೆ ಎಂದು ರಜೆ ಹಾಕಿದ್ದೆ.

ಇಷ್ಟರಲ್ಲಿ ಸ್ಟುಡಿಯೋ ಬೆಳೆಯಿತು. ಮನೆಯ ಹೀಟರಿನ ಬಿಸಿ ಹೆಚ್ಚು ಕಡಿಮೆ ಮಾಡಲು ಗೋಡೆಗೆ ಹಾಕುವ ಒಂದು ಯಂತ್ರ ಮಾಡಿದೆವು. ಹಿಂದೆ ಅದಕ್ಕೆ ಒಂಬತ್ತು ಗುಂಡಿ ಇರುತ್ತಿದ್ದವು, ನಮ್ಮದಕ್ಕೆ ಒಂದೇ ಚಕ್ರ. ಅದರ ಒಳಗಿನ ಪ್ರೋಗ್ರಾಂ ನನ್ನದು. ಅದು ಎಷ್ಟು ಮಾರಾಟವಾಯಿತೆಂದರೆ ಟೀ ಕೆಟಲ್, ಮೇಜಿನ ದೀಪ, ಕನ್ನಡಕದ ಪೆಟ್ಟಿಗೆ ಎಂದು ಒಂದಾದ ಮೇಲೊಂದು ಕೆಲಸ ಬಂದವು. ಈಗ ಹದಿನಾಲ್ಕು ಜನರಿದ್ದೇವೆ, ಮೇಲಿನ ಮಹಡಿಯನ್ನೂ ತೆಗೆದುಕೊಂಡಿದ್ದಾರೆ. ಎಲ್ಲವನ್ನೂ ಕಡಿಮೆ ಮಾಡುವವರ ಸಂಖ್ಯೆ ಮಾತ್ರ ಹೆಚ್ಚುತ್ತಲೇ ಇದೆ ಎಂದು ನಾವೇ ನಗುತ್ತೇವೆ. ಕುವಾಬಾರ ಸಾನ್ ಮಾತ್ರ ನಗುವುದಿಲ್ಲ. ಪ್ರತಿ ಹೊಸ ಕುರ್ಚಿಗೂ ಅವರಿಗೆ ಒಂದು ತಿಂಗಳ ಸಂಕಟ.

ಗುರುವಾರದ ಸಭೆಯೊಂದನ್ನು ಮಾತ್ರ ಅವರು ಬಿಟ್ಟಿಲ್ಲ. ಮಧ್ಯಾಹ್ನ ಪ್ರತಿಯೊಬ್ಬರೂ ಮಾಡಿದ ಕೆಲಸವನ್ನು ಮೇಜಿನ ಮೇಲೆ ಇಡಬೇಕು. ಬಲಗಡೆ ಕೂತವರು ಅದರಿಂದ ಒಂದನ್ನು ತೆಗೆಯಬೇಕು. ಒಂದು ಗೆರೆಯಿರಲಿ, ಬಣ್ಣವಿರಲಿ, ಮಾತಿರಲಿ. ಮಾಡಿದವರು ವಾದಿಸುವಂತಿಲ್ಲ, ತೆಗೆದವರು ಕಾರಣ ಹೇಳಬೇಕಾಗಿಲ್ಲ. ತೆಗೆದ ಮೇಲೂ ಅದು ನಿಂತರೆ ಕುವಾಬಾರ ಸಾನ್ ತಲೆ ಬಾಗಿಸುತ್ತಾರೆ, ಅಲ್ಲಿಗೆ ಮುಗಿಯಿತು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಎಲ್ಲರಿಗಿಂತ ಚೆನ್ನಾಗಿ ತೆಗೆಯುವವಳು ನಾನೇ ಆದೆ.

ಅಕ್ಟೋಬರಿನಲ್ಲಿ ಓಸಾಕಾದ ಒಂದು ಕಂಪನಿ ನಮಗೆ ದೊಡ್ಡ ಕೆಲಸ ಕೊಟ್ಟಿತು. ಜನವರಿಯಿಂದ ಆರು ತಿಂಗಳು ಯಾರಾದರೂ ಅಲ್ಲೇ ಇರಬೇಕು. ಕುವಾಬಾರ ಸಾನ್ ಎಲ್ಲರ ಎದುರು ನನ್ನ ಹೆಸರು ಹೇಳಿದರು. ಉಳಿದವರಲ್ಲಿ ಬಹಳ ಮಂದಿಗೆ ಮನೆ, ಮಕ್ಕಳು ಇದ್ದಾರೆ, ವಿಜಯಶ್ರೀಗೆ ಎಲ್ಲಿಗೆ ಹೋಗಲೂ ತೊಡಕಿಲ್ಲ ಎಂದರು. ಚಪ್ಪಾಳೆ ತಟ್ಟಿದರು ಅಕ್ಕಾ, ನಾನು ನಗುತ್ತಾ ಕೂತಿದ್ದೆ. ಅದೇ ವಾರ ನಿನ್ನ ಪತ್ರ ಬಂತು, ಚೆನ್ನೈಯ ದಿನ ಗೊತ್ತಾಗಿದೆ ಎಂದು. ಅಂದಿನಿಂದ ಅವರು ಕೆಮ್ಮಿದರೂ ನನ್ನ ವಿಷಯ ಗೊತ್ತಾಗಿದೆಯೇನೋ ಎನಿಸುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ನಿರುಪಮಾ ಮೇಡಂ ಹತ್ತಿರ ಹೋಗಿ ಅತ್ತೆ. ಮೈಸೂರಿನವರು, ಇಪ್ಪತ್ತಾರು ವರ್ಷದಿಂದ ಫ್ರಾಂಕ್‌ಫರ್ಟಿನಲ್ಲಿ ಪಾಠ ಮಾಡುತ್ತಾರೆ ಎಂದು ಹಿಂದೆ ಬರೆದಿದ್ದೆನಲ್ಲ, ಅವರೇ. ಅವರು ಅಳಲು ಬಿಟ್ಟು, ಕಾಫಿ ಕೊಟ್ಟು, ಆಮೇಲೆ ಹೇಳಿದರು: “ನೀನು ಹೇಳದೆ ಇದ್ರೆ ಮಗು ಬರಲ್ಲ. ಹೇಳಿದ್ರೆ ಕೆಲಸ ಹೋಗಬಹುದು, ಹೋಗದೇನೂ ಇರಬಹುದು. ಎರಡರಲ್ಲಿ ಯಾವುದು ಖಂಡಿತ ಅಂತ ನೋಡ್ಕೋ.”

ನೋಡಿಕೊಂಡೆ. ಬಾಯಲ್ಲಿ ಹೇಳಲು ಮಾತ್ರ ಆಗಲಿಲ್ಲ. ಮೇಜೇ ಹೇಳಲಿ ಎಂದುಕೊಂಡೆ. ಈ ವಾರ ಸ್ಟುಡಿಯೋದ ಹೊಸ ಲೆಟರ್‌ಹೆಡ್ ಅಚ್ಚಾಗಿ ಬಂದಿತ್ತು. ಅದರ ಮೇಲೆ ಅವರ ಸಹಿಗೆ ಬೇಕಾದ ಪತ್ರವನ್ನು ನಾನೇ ಟೈಪು ಮಾಡಿದೆ. ವಿಜಯಶ್ರೀಯ ನೌಕರಿ ಕಾಯಂ. ಸಂಬಳ ಇಷ್ಟು. ಅವಳ ಮಗಳು ಪವಿ, ಎಂಟು ವರ್ಷ, ಇನ್ನು ಮುಂದೆ ತಾಯಿಯ ಜೊತೆ ಇರುತ್ತಾಳೆ. ಇದಕ್ಕೆ ನಮ್ಮ ಒಪ್ಪಿಗೆ ಇದೆ. ನಾಲ್ಕೇ ಸಾಲು. ಗುರುವಾರ ಅದನ್ನು ಮೇಜಿನ ಮೇಲಿಟ್ಟು ಬಲಕ್ಕೆ ಸರಿಸಿದೆ.

ನನ್ನ ಬಲಕ್ಕೆ ಕೂತವಳು ಆಂಕೆ. ಮೊದಲ ದಿನದಿಂದಲೂ ಸ್ಟುಡಿಯೋದಲ್ಲಿದ್ದಾಳೆ, ನನ್ನ ಗೆಳತಿಯೇ. ಲೆಟರ್‌ಹೆಡ್ ಹೇಗೆ ಕಾಣುತ್ತದೆಂದು ತೋರಿಸಲು ಸುಮ್ಮನೆ ಏನನ್ನೋ ಟೈಪು ಮಾಡಿದ್ದೇನೆ ಎಂದುಕೊಂಡಳು. ಪೆನ್ಸಿಲ್ ತೆಗೆದು, ಎರಡು ಸಲ ಓದಿ, ಮೂರನೇ ಸಾಲಿನ ಮೇಲೆ ನೇರವಾಗಿ ಒಂದು ಗೆರೆ ಎಳೆದಳು. ಹಾಳೆ ಮೇಜಿನ ಸುತ್ತ ಹೋಯಿತು. ಒಬ್ಬರಾದ ಮೇಲೊಬ್ಬರು ತಲೆದೂಗಿದರು. ಕೊನೆಗೆ ಕುವಾಬಾರ ಸಾನ್ ಕೈಗೆ ಬಂತು. ಅವರೂ ನೋಡಿ ತಲೆ ಬಾಗಿಸಿದರು.

ಅಲ್ಲಿಗೆ ಮುಗಿಯಿತು ಎಂದರ್ಥ. ಆ ಮೇಜಿನ ಎದುರು ಎರಡು ವರ್ಷದಲ್ಲಿ ಯಾರೂ ಬಾಯಿ ತೆರೆದದ್ದನ್ನು ನಾನು ಕಂಡಿಲ್ಲ.

“ಅದು ನನ್ನ ಮಗಳು,” ಎಂದೆ.

ಆಂಕೆಯ ಮುಖ ಕೆಂಪಾಯಿತು, ಪಾಪ, ಅವಳದೇನು ತಪ್ಪು. ಕುವಾಬಾರ ಸಾನ್ ಹಾಳೆಯನ್ನು ಮತ್ತೊಮ್ಮೆ ಓದಿದರು, ಈ ಸಲ ನಿಧಾನವಾಗಿ. ಮಡಿಸಿ ಜೇಬಿನಲ್ಲಿಟ್ಟುಕೊಂಡು ಎದ್ದು ಹೋದರು. ಶುಕ್ರವಾರ ಆಫೀಸಿಗೆ ಬರಲಿಲ್ಲ. ನಿನ್ನೆಯಿಂದ ನಾನು ಮನೆಯಲ್ಲೇ ಕೂತಿದ್ದೇನೆ. ಕೆಲಸದಿಂದ ತೆಗೆದರೆ ಪವಿ ಬರುವುದಿರಲಿ, ನಾನೇ ಹಿಂದಿರುಗಬೇಕು. ಇಲ್ಲಿಯವರೆಗೆ ಬರೆದು ನಿಲ್ಲಿಸುತ್ತೇನೆ. ಏನಾಯಿತೆಂದು ತಿಳಿಯದೆ ಈ ಪತ್ರವನ್ನು ಅಂಚೆಗೆ ಹಾಕುವುದು ಬೇಡ.

ಮಂಗಳವಾರ, 23

ಅಕ್ಕಾ, ಇಂದು ಬೆಳಿಗ್ಗೆ ಕರೆದರು. ಮೇಜಿನ ಮೇಲೆ ಎರಡು ಹಾಳೆ ಇಟ್ಟುಕೊಂಡಿದ್ದರು. ಒಂದು ಗುರುವಾರದ್ದು. ಇನ್ನೊಂದು ನನ್ನ ಹಳೆಯ ಏಳು ಸಾಲಿನ ಅರ್ಜಿ. ಹೊಸಬರು ಸೇರಿದಾಗಲೆಲ್ಲ ಅದನ್ನು ತೋರಿಸಿ, ಹೀಗೆ ಬರೆಯಬೇಕು, ಇದರಲ್ಲಿ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ ಎನ್ನುತ್ತಿದ್ದರಂತೆ. ನನಗೆ ಅದು ಗೊತ್ತೇ ಇರಲಿಲ್ಲ.

ಬಯ್ಯುತ್ತಾರೆಂದು ಕಾದೆ. ಓಸಾಕಾದ ಬಗ್ಗೆ ಕೇಳುತ್ತಾರೆಂದು ಕಾದೆ. ಅವರು ಕೇಳಿದ್ದು ಮೊದಲು ಎಷ್ಟು ಸಾಲು ಬರೆದಿದ್ದೆ ಎಂದು. ಹನ್ನೊಂದು ಎಂದೆ. ಇನ್ನೊಂದು ಕೇಳಿದರು.

“ನಾಲ್ಕರಲ್ಲಿ ಮೊದಲು ತೆಗೆದದ್ದು ಯಾವುದು?”

ಸುಳ್ಳು ಹೇಳಬಹುದಿತ್ತು. ನಾನು ಓದಿದ ಕಾಲೇಜು, ಎಷ್‌ಬಾರ್ನ್‌ನ ಕಂಪನಿ, ಯಾವುದನ್ನಾದರೂ ಹೇಳಬಹುದಿತ್ತು. ಅವರ ಕಣ್ಣು ನೋಡಿ ಆಗಲಿಲ್ಲ. “ಮಗಳದು,” ಎಂದೆ. ಅದು ನಿಜ ಅಕ್ಕಾ. ಯೋಚನೆಯನ್ನೂ ಮಾಡಿರಲಿಲ್ಲ. ಉಳಿದ ಮೂರು ಸಾಲಿಗೆ ಒಂದು ಗಂಟೆ ಒದ್ದಾಡಿದ್ದೆ.

ಅವರು ಹಳೆಯ ಅರ್ಜಿಯನ್ನು ನನಗೆ ವಾಪಸ್ ಕೊಟ್ಟರು, ಇನ್ನು ಯಾರಿಗೂ ತೋರಿಸುವುದಿಲ್ಲ ಎಂದರ್ಥ. ಓಸಾಕಾಗೆ ಆಂಕೆ ಹೋಗುತ್ತಾಳೆ, ಆ ಕೆಲಸದ ಜವಾಬ್ದಾರಿಯೂ ಅವಳಿಗೇ ಎಂದರು. ನನಗೆ ನೋವಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಪೆನ್ನು ತೆಗೆದು ತಾವೇ ಕೈಯಾರೆ ಪತ್ರ ಬರೆದರು. ಪವಿಯ ಹೆಸರನ್ನು ಹೇಗೆ ಉಚ್ಚರಿಸುವುದೆಂದು ಎರಡು ಸಲ ಕೇಳಿ, ತಾವೂ ಹೇಳಿ ನೋಡಿದರು. ಹುಟ್ಟಿದ ದಿನ ಬರೆಸಿಕೊಂಡರು. ಒಂಬತ್ತು ಸಾಲು ಬರೆದಿದ್ದಾರೆ, ಒಂದನ್ನೂ ತೆಗೆದಿಲ್ಲ. ನನ್ನ ನೌಕರಿ ಉಳಿದಿದೆ. ಅವರ ನಂಬಿಕೆ ಎಷ್ಟು ಉಳಿದಿದೆಯೋ ಗೊತ್ತಿಲ್ಲ, ಅದನ್ನು ಮತ್ತೆ ದುಡಿದುಕೊಳ್ಳಬೇಕು.

ಆ ಪತ್ರ ಇದರ ಜೊತೆಗಿದೆ. ಮಾವನಿಗೆ ಹೇಳಿ ಎರಡು ಜೆರಾಕ್ಸ್ ಮಾಡಿಸು. ಚೆನ್ನೈಗೆ ಹೋಗುವಾಗ ಕೋರ್ಟಿನ ಕಾಗದದ ಮೂಲ ಪ್ರತಿಯನ್ನೇ ಒಯ್ಯಿರಿ. ಪವಿಗೆ ಸ್ವೆಟರ್ ಇಲ್ಲಿಯೇ ಕೊಳ್ಳುತ್ತೇನೆ, ಅಲ್ಲಿ ಖರ್ಚು ಮಾಡಬೇಡ. ಅವಳು ನಿನ್ನನ್ನು ಬಿಟ್ಟು ಬರುವ ದಿನ ನಿನ್ನ ಗತಿ ಏನು ಎಂದು ಯೋಚಿಸದ ದಿನವಿಲ್ಲ. ಬರೆದರೆ ಕಣ್ಣು ತುಂಬಿ ಅಕ್ಷರ ಕಾಣುವುದಿಲ್ಲ, ಅದಕ್ಕೆ ಬರೆಯುವುದಿಲ್ಲ.

ಬಸವಣ್ಣ ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ. ನನ್ನ ಕೂಸು ನೂರು ವರ್ಷ ಬಾಳಲಿ. ಅವಳ ಎರಡೂ ಗಲ್ಲಕ್ಕೆ ನನ್ನ ಮುತ್ತು.

ನಿನ್ನ ತಂಗಿ,
ವಿಜಯಶ್ರೀ

ತಾ.ಕ.: ಮಧ್ಯಾಹ್ನ ಪಕ್ಕದ ಓಣಿಯ ಶಾಲೆಗೆ ಹೋಗಿ ಪವಿಯ ಹೆಸರು ಹಚ್ಚುವ ಅರ್ಜಿ ತಂದೆ. ಹೆಸರು, ಹುಟ್ಟಿದ ದಿನ, ಧರ್ಮ ಎಲ್ಲ ತುಂಬಿದೆ. ಆಮೇಲೆ, ಮಗು ಬರೆಯುವುದು ಬಲಗೈಯಲ್ಲೋ ಎಡಗೈಯಲ್ಲೋ ಎಂದು ಕೇಳಿದ್ದಾರೆ. ಎರಡು ಚೌಕ, ಒಂದಕ್ಕೆ ಗುರುತು ಹಾಕಬೇಕು. ನಾನು ಹೊರಟಾಗ ಅವಳಿಗೆ ನಾಲ್ಕೂವರೆ, ಇನ್ನೂ ಸ್ಲೇಟು ಹಿಡಿದಿರಲಿಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ಬಂದಾಗ ಶಾಲೆಗೆ ರಜೆ, ಹತ್ತು ದಿನವೂ ನಿನ್ನ ಸೆರಗಿನ ಹಿಂದೆಯೇ ಇದ್ದಳು. ಅವಳು ನನಗೆ ಬರೆದ ಹನ್ನೆರಡು ಕಾಗದಗಳನ್ನೂ ಹರವಿಕೊಂಡು ನೋಡಿದೆ, ಅಕ್ಷರ ನೋಡಿ ತಿಳಿಯುವುದಿಲ್ಲ. ಅರ್ಜಿ ಈ ಶುಕ್ರವಾರವೇ ಕೊಡಬೇಕಿತ್ತು, ಎರಡು ವಾರ ತಡವಾಗುತ್ತದೆ ಎಂದು ಹೇಳಿ ಬಂದಿದ್ದೇನೆ. ಯಾವ ಕೈ ಎಂದು ನೀನೇ ಬರೆದು ತಿಳಿಸು ಅಕ್ಕಾ. ನಾನು ಕೇಳಿದೆನೆಂದು ಅವಳಿಗೆ ಹೇಳಬೇಡ.