ದೇವರ ಹಾಡಿಗೆ ಡ್ರಮ್ಮು

ನ್ಯಾಶ್‌ವಿಲ್, ಟೆನೆಸ್ಸೀ
ಮಂಗಳವಾರ, ಅಕ್ಟೋಬರ್ 6, 1959

ಪ್ರೀತಿಯ ಇಮೋಜೀನ್,

ನೀನೂ ಗ್ಲೆಂಡಾಳೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಈ ಮನುಷ್ಯನಿಗೆ ಉತ್ತರ ಬರೆಯುವುದಕ್ಕೂ ಕೈ ಬರುವುದಿಲ್ಲವಲ್ಲ ಎಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಹರಿದು ಹಾಕಿದೆ.

ಫೆಬ್ರವರಿಯಲ್ಲಿ ಮಗಳನ್ನು ಕರೆದುಕೊಂಡು ತವರಿಗೆ ಹೊರಟಾಗ ನೀನು ಎರಡೇ ಮಾತು ಹೇಳಿದ್ದೆ. ಕುಡಿಯುವುದು ಬಿಡು, ಆ ಕೈಯಿಂದ ಒಂದು ಸಲವಾದರೂ ದೇವರಿಗಾಗಿ ಡ್ರಮ್ ಬಾರಿಸು, ಆಮೇಲೆ ಬರುತ್ತೇನೆ. ಈಗ ಅಕ್ಟೋಬರ್ ಹತ್ತರ ಶನಿವಾರದ ಬಸ್ಸಿಗೆ ಹೊರಡುತ್ತೇವೆ ಎಂದು ಬರೆದಿದ್ದೀಯ. ಆ ಸಾಲನ್ನು ಓದಿ ಓದಿ ಕಾಗದದ ಮಡಿಕೆ ಹರಿದಿದೆ.

ಮನೆಯೊಡತಿ ಮಿಸೆಸ್ ಪ್ರೂಯಿಟ್‌ಗೆ ವಿಷಯ ಹೇಳಿದೆ. "ಹೆಂಡತಿ ವಾಪಸ್ ಬರ್ತಾಳಾ? ನಿನ್ನ ಹತ್ರಕ್ಕಾ? ಪಾಪ, ಅವಳಿಗೆ ತಲೆ ಸರಿ ಇದೆ ತಾನೆ!" ಎಂದು ನಕ್ಕಳು. ನಕ್ಕರೂ ಅಟ್ಟದಿಂದ ತನ್ನ ಮಗಳ ಹಳೇ ಮಂಚ ಇಳಿಸಿಕೊಟ್ಟಳು. ಕಾಲು ಅಲುಗಾಡುತ್ತಿತ್ತು, ಮೊಳೆ ಹೊಡೆದಿದ್ದೇನೆ. ಗ್ಲೆಂಡಾಗೆ ಉದ್ದ ಸಾಲುತ್ತದೋ ಇಲ್ಲವೋ. ಏಳು ವರ್ಷದ ಮಕ್ಕಳು ಎಂಟು ತಿಂಗಳಲ್ಲಿ ಎಷ್ಟು ಬೆಳೆಯುತ್ತಾರೆಂದು ನನಗೆ ಗೊತ್ತಿಲ್ಲ.

ಆರ್ವಿಲ್ ಟ್ಯಾಕೆಟ್‌ನ ದೇವರ ಹಾಡುಗಳ ರೆಕಾರ್ಡ್ ಹೇಗಾಯಿತು, ಎಲ್ಲ ಬರಿ ಎಂದಿದ್ದೀಯ. ಆರ್ವಿಲ್ ನಿನಗೆ ಗೊತ್ತಲ್ಲ, ವರ್ಷವೆಲ್ಲ ಬಾರಿನ ಹಾಡು, ಓಡಿಹೋದ ಹೆಂಡತಿಯ ಹಾಡು ಹಾಡಿ ಹೆಸರು ಮಾಡಿದವನು. ಆದರೂ ಇಲ್ಲಿನ ಹಾಡುಗಾರರೆಲ್ಲ ಒಂದಲ್ಲ ಒಂದು ದಿನ ಹೆತ್ತಮ್ಮನಿಗೋಸ್ಕರ ದೇವರ ಹಾಡಿನ ರೆಕಾರ್ಡ್ ಮಾಡಿಯೇ ಮಾಡುತ್ತಾರೆ. ಇವನ ಸರದಿ ಜೂನ್‌ನಲ್ಲಿ ಬಂತು. ಬೆಳಗ್ಗೆ ಹತ್ತು ಗಂಟೆಗೆ ಸ್ಟುಡಿಯೊಗೆ ಬಂದಾಗ ಮುಖ ಊದಿತ್ತು, ಹಿಂದಿನ ದಿನದ ವಿಸ್ಕಿ ಇನ್ನೂ ನಾರುತ್ತಿತ್ತು. ನಾನು ಡ್ರಮ್ ಜೋಡಿಸುತ್ತಿದ್ದೆ. ಆ ದೊಡ್ಡ ಬಾಸ್ ಪಿಟೀಲು ನುಡಿಸುವ ಹಾಯ್ಟ್, "ಏನ್ ಆರ್ವಿಲ್, ಯೇಸುಸ್ವಾಮಿ ಹತ್ರ ಹೋಗೋಕ್ ಮುಂಚೆ ಹಲ್ಲಾದ್ರೂ ಉಜ್ಜಬಾರ್ದಾ?" ಎಂದ. ಆರ್ವಿಲ್ ನಗಲಿಲ್ಲ. ಹ್ಯಾಟ್ ತೆಗೆದು ಕುರ್ಚಿಯ ಮೇಲಿಟ್ಟು, "ನಮ್ಮಮ್ಮ ಪಾತ್ರೆ ತೊಳೀತಾ ಹಾಡ್ತಿದ್ದ ಹಾಡು ಕಣ್ರೋ. ತಮಾಷೆ ಬೇಡ" ಎಂದ. ಆಮೇಲೆ ಅವನು ಹಾಡಿದ್ದನ್ನು ಕೇಳಿ ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ಕೆಟ್ಟವನ ಗಂಟಲಲ್ಲಿ ಅಷ್ಟು ಒಳ್ಳೆಯದು ಹೇಗೆ ಉಳಿದಿದೆಯೆಂದು ಹೊಟ್ಟೆಕಿಚ್ಚೂ ಆಯಿತು.

ನಿಮ್ಮಪ್ಪನ ಮಾತಂತೂ ನನಗೆ ಬಾಯಿಪಾಠವಾಗಿದೆ. ಡ್ರಮ್ ಎಂದರೆ ಸೈತಾನನ ಹೊಟ್ಟೆ ಎಂದು ಸಭೆಯಲ್ಲಿ ಬೋಧಿಸುವ ಪಾಸ್ಟರು ಅವರು. ಅಳಿಯ ಬಾರಿಸಿದ್ದಾನೆಂದು ಎರಡು ವಾರ ಆ ರೆಕಾರ್ಡನ್ನು ಹೊಸ್ತಿಲು ದಾಟಿಸಿರಲಿಲ್ಲವಂತೆ. ಕೊನೆಗೆ ಮೂರು ಸಲ ಹಾಕಿಸಿ ಕೇಳಿ, "ಎಷ್ಟು ಕಿವಿಗೊಟ್ರೂ ಅವನ ಡ್ರಮ್ ಕೇಳ್ಸೋದೇ ಇಲ್ವಲ್ಲೇ ಇಮೋಜೀನ್! ಅಷ್ಟು ಮೆತ್ತಗೆ ಬಾರಿಸಿದಾನೆ. ನಾನು ನಾನು ಅಂತಿದ್ನಲ್ಲ, ಆ ಕೊಬ್ಬು ಇಳಿದಿದೆ. ದೇವರೇ ಅವನನ್ನ ತಗ್ಗಿಸಿದಾನೆ. ಹೋಗು ಮಗಳೇ, ಅವನ ಜೊತೆ ಬಾಳು" ಎಂದರಂತೆ. ಮದುವೆಯಾದ ಒಂಬತ್ತು ವರ್ಷಗಳಲ್ಲಿ ಆ ಮುದುಕ ನನ್ನನ್ನು ಹೊಗಳಿದ್ದು ಇದೇ ಮೊದಲು. ಓದಿದಾಗ ಖುಷಿಯಾಯಿತು, ಇಮೋಜೀನ್. ಸುಳ್ಳು ಯಾಕೆ ಹೇಳಲಿ, ತುಂಬಾ ಖುಷಿಯಾಯಿತು.

ಅತ್ತೆಯವರ ಮಂಡಿನೋವು ಬೇಗ ವಾಸಿಯಾಗಲಿ. ಗ್ಲೆಂಡಾಳ ಹಣೆಗೆ ನನ್ನದೊಂದು ಮುತ್ತು ಕೊಡು. ನನಗಾಗಿ ಕೇಳಿಕೊಂಡರೆ ದೇವರು ಕಿವಿಗೊಡುತ್ತಾನೋ ಇಲ್ಲವೋ. ನಿಮ್ಮಿಬ್ಬರನ್ನು ಕಾಪಾಡು ಎಂದರೆ ಕಿವಿಗೊಟ್ಟಾನು. ಅಷ್ಟನ್ನು ದಿನವೂ ಕೇಳಿಕೊಳ್ಳುತ್ತಿದ್ದೇನೆ.

ನಿನ್ನ
ಡೆಲ್ಮಸ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಇಮೋಜೀನ್, ಆ ರೆಕಾರ್ಡಿನಲ್ಲಿ ನಾನಿಲ್ಲ. ನಿಮ್ಮಪ್ಪನಿಗೆ ಡ್ರಮ್ ಕೇಳಿಸಲಿಲ್ಲ, ಯಾಕೆಂದರೆ ಅಲ್ಲಿ ಡ್ರಮ್ಮೇ ಇಲ್ಲ. ಹಾಡು ಶುರುವಾಗುವ ಮುಂಚೆ ರೆಕಾರ್ಡ್ ಕಂಪನಿಯ ಕ್ರಂಪ್ಟನ್ ಗಾಜಿನ ಕೋಣೆಯಿಂದ ಹೊರಗೆ ಬಂದು, "ಡೆಲ್ಮಸ್, ಇವತ್ತು ನೀನು ಹೊರಡಯ್ಯಾ. ದೇವರ ಹಾಡಲ್ಲಿ ಡ್ರಮ್ ಇದ್ರೆ ಚರ್ಚಿನೋರು ಮುಟ್ಟಲ್ಲ" ಎಂದ. ಕೋಲು ಬಿಟ್ಟು ಬರೀ ಬ್ರಷ್ಷಿನಲ್ಲಿ ಡ್ರಮ್ ಸವರುತ್ತೇನೆ, ಯಾರಿಗೂ ಕೇಳಿಸದ ಹಾಗೆ ಬಾರಿಸುತ್ತೇನೆ ಎಂದು ಬೇಡಿಕೊಂಡೆ. "ಕೇಳಿಸ್ದೇ ಇರೋದಾದ್ರೆ ನೀನ್ಯಾಕಯ್ಯಾ?" ಎಂದ.

ಹಾಡು ಕೇಳಿದ್ದು ಮುಚ್ಚಿದ ಬಾಗಿಲಿನಾಚೆ ಮೆಟ್ಟಿಲ ಮೇಲೆ ಕೂತು. ಎರಡನೇ ಹಾಡು ಮುಗಿಯುವ ಮುಂಚೆ ಎದ್ದು ಹೋದೆ. ಎಂಬತ್ತಮೂರು ದಿನ ಮುಟ್ಟಿರಲಿಲ್ಲ. ಅಂದು ಮಧ್ಯಾಹ್ನದ ಹೊತ್ತಿಗೆ ಬಾಟಲಿ ಖಾಲಿಯಾಗಿತ್ತು. ಬಾರಿಸುತ್ತೇನೆಂದು ನಿನಗೆ ಮೊದಲೇ ಬರೆದುಬಿಟ್ಟಿದ್ದೆ, ಬಾರಿಸಲಿಲ್ಲವೆಂದು ಬರೆಯಲಾಗಲಿಲ್ಲ. ರೆಕಾರ್ಡಿನ ಹೊದಿಕೆಯ ಮೇಲೆ ಆರ್ವಿಲ್‌ನ ಹೆಸರೊಂದೇ ಇದೆ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ನಿನ್ನ ಕಾಗದ ಬಂದಮೇಲಾದರೂ ಬಿಡುತ್ತೇನೆಂದುಕೊಂಡೆ, ಹದಿನೈದು ದಿನವೂ ಅಂದುಕೊಂಡೆ. ಈಗಲೂ ಕುಡಿದೇ ಬರೆಯುತ್ತಿದ್ದೇನೆ.

ನಿನ್ನ ಕಾಗದದ ಅಂಚಿನಲ್ಲಿ ಗ್ಲೆಂಡಾ ಪೆನ್ಸಿಲಿನಿಂದ "ಅಪ್ಪಾ, ತಾತಂಗೆ ಕೇಳ್ಸಲ್ಲ, ನಂಗೆ ಕೇಳ್ಸತ್ತೆ" ಎಂದು ಬರೆದಿದ್ದಾಳೆ. ಅವಳಿಗೆ ಕೇಳಿಸುತ್ತಿರುವುದು ಹಾಯ್ಟ್ ತನ್ನ ಬಾಸಿನ ತಂತಿಗೆ ಅಂಗೈ ಬಡಿಯುವ ಸದ್ದು. ಅವಳಿಗೆ ಏನು ಹೇಳುತ್ತೀಯೋ ಹೇಳು. ಶನಿವಾರ ಬಸ್ಸು ಹತ್ತಬೇಡ.