ನೇಯುವುದಕ್ಕೆ ಐದು ಮಾತು

ಚಿರಂಜೀವಿ ಭಾನುಪ್ರಕಾಶ,

ನಿನ್ನ ಹೆಂಡತಿ ಶಶಿಕಲಳ ಸೊಂಟನೋವು ಹೇಗಿದೆ? ನಿಮ್ಮಪ್ಪ, ನನ್ನ ತಮ್ಮ ನರಸಿಂಹಯ್ಯ, ಸಕ್ಕರೆ ಕಾಯಿಲೆ ಮರೆತು ಈಗಲೂ ಕದ್ದು ಬೆಲ್ಲ ತಿನ್ನುತ್ತಾನೋ? ನಿನ್ನ ಬಿಪಿ ವಿಚಾರ ಈ ಕಾಗದ ಓದಿ ಮುಗಿಸಿದ ಮೇಲೆ ಕೇಳುತ್ತೇನೆ. ನಿನ್ನ ಮಗಳು ಮೋನಿಷಾ ಕ್ಷೇಮ, ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲೇ ಇದ್ದಾಳೆ. ನಾನು ಕರೆಸಿಕೊಂಡದ್ದಲ್ಲ, ಬಸ್ಸು ಹತ್ತಿ ತಾನೇ ಬಂದಳು. ಕಳಿಸುವುದಿಲ್ಲ ಎನ್ನುವುದು ಮಾತ್ರ ನನ್ನದು.

ಫೋನಿನಲ್ಲಿ ನೀನು ಕಿರುಚಿದ್ದು ಮಗ್ಗದ ಸದ್ದನ್ನೂ ಮೀರಿ ಕೇಳಿಸಿತು. "ಆ ಸ್ಪ್ಯಾನಿಷ್ ಕಟ್ಕೊಂಡು ಏನ್ಮಾಡ್ತಾಳತ್ತೆ? ಹೊಸಕೋಟೇಲಿ ಯಾರ ಹತ್ರ ಮಾತಾಡ್ತಾಳೆ? ತೆಪ್ಪಗೆ ಚಿನ್ನಸ್ವಾಮಿ ಗೋಡೌನಲ್ಲಿ ಬಿಲ್ ಬರೀಲಿ" ಅಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಫೋನ್ ಇಟ್ಟುಬಿಟ್ಟೆ. ಅದಕ್ಕೇ ಕಾಗದ. ಇದರ ಬಾಯಿ ಮುಚ್ಚಿಸೋಕೆ ನಿನಗಾಗಲ್ಲ.

ಮೊನ್ನೆ ಮಗ್ಗದಲ್ಲಿ ಹಾಸಿನ ಉದ್ದೆಳೆ ಮುಗಿದಿತ್ತು. ನಿನಗೆ ಗೊತ್ತಲ್ಲ, ಹಳೆಯ ಹಾಸನ್ನು ನಾವು ಪೂರ್ತಿ ಕಿತ್ತೆಸೆಯುವುದಿಲ್ಲ. ಉಳಿಸಿದ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುತ್ತೇವೆ. ಮೋನಿಷಾ ಪಕ್ಕದಲ್ಲಿ ಕೂತು ಎಳೆ ಎತ್ತಿಕೊಡುತ್ತಿದ್ದಳು. "ನೇಯೋದಕ್ಕೆ ನಿನ್ನ ಸ್ಪ್ಯಾನಿಷಲ್ಲಿ ಏನಂತಾರೆ ಮಗಾ?" ಎಂದೆ. "ತೆಹೇರ್, ಅಜ್ಜಿ" ಎಂದಳು. ಪೋರ್ಚುಗೀಸರು ತೆಸೇರ್ ಅಂತಾರಂತೆ, ಫ್ರೆಂಚರು ತಿಸೇ, ಇಟಲಿಯವರು ತೆಸ್ಸೆರೆ. ಇವಿಷ್ಟಕ್ಕೂ ತಾಯಿ ಲ್ಯಾಟಿನ್ನಿನ ತೆಕ್ಸೆರೆ. ಆ ಭಾಷೆಯನ್ನು ಮನೆಮಾತಾಗಿ ಆಡುವವರು ಈಗ ಯಾರೂ ಇಲ್ಲವಂತೆ, ಆದರೂ ಅದರ ಎಳೆ ಎಷ್ಟೊಂದು ಊರಿನ ಬಾಯಲ್ಲಿ ಓಡುತ್ತಿದೆ ನೋಡು. ಹೇಳುವಾಗ ಹುಡುಗಿಯ ಮುಖ ನೀನು ಕಾಣಬೇಕಿತ್ತು ಕಣೋ. ಬಂದಾಗಿನಿಂದ ಊಟ ಸೇರದವಳು ಅವತ್ತು ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡಳು.

"ಮಗ್ಗದೋಳಿಗೆ ಅಕ್ಷರ ಯಾಕೆ" ಎಂದು ನಮ್ಮಪ್ಪನೂ ನನಗೆ ಅಂದಿದ್ದ. ನೂಲಿನ ಪೊಟ್ಟಣದ ಮೇಲಿನ ಬರಹ ನೋಡಿ ನೋಡಿ ಕಲಿತೆ; ಅವನ ಕೈಲಿ ತಡೆಯಲಾಗಲಿಲ್ಲ. ನಿನ್ನ ಕೈಲಿ ಆದೀತೇನೋ? ಯಾರ ಹತ್ತಿರ ಮಾತಾಡುತ್ತಾಳೆ ಅಂದೆಯಲ್ಲ, ನನ್ನ ಹತ್ತಿರ ಮಾತಾಡಲಿ. ಐದು ಮಾತು ನನಗಾಗಲೇ ಬರುತ್ತದೆ.

ಭಾನುವಾರ ಬೆಂಗಳೂರಿನಲ್ಲಿ ಅವಳ ಸ್ಪ್ಯಾನಿಷ್ ಪರೀಕ್ಷೆ. ಮಗ್ಗ ನಿಲ್ಲಿಸಿ ನಾನೇ ಜೊತೆಗೆ ಹೋಗುತ್ತೇನೆ. ಬಾಗಿಲಲ್ಲಿ ಅಡ್ಡ ನಿಂತೆಯೋ, ನಿನ್ನನ್ನು ಎತ್ತಿ ಆಡಿಸಿದ ಕೈಯಿಂದಲೇ ಪಕ್ಕಕ್ಕೆ ಸರಿಸುತ್ತೇನೆ. ಸುಮ್ಮನೆ ಬರುವುದಾದರೆ ಬಾ, ಪರೀಕ್ಷೆಯ ಗೇಟಿನವರೆಗೆ ಮಗಳ ಚೀಲ ಹಿಡಿದುಕೋ. ಅವಳು ನಿನ್ನ ದಾರಿ ನೋಡುತ್ತಿದ್ದಾಳೆ. ನನ್ನೆದುರು ಮಾತ್ರ ಅದನ್ನು ಒಪ್ಪಿಕೊಳ್ಳುವುದಿಲ್ಲ.

ನಿನ್ನ ಕೋಪ ಆರಲಿ, ಆಯಸ್ಸು ಹೆಚ್ಚಲಿ. ಬೈಯುವುದಿದ್ದರೂ ಸರಿ, ಶನಿವಾರದೊಳಗೆ ಕೈಗೆ ಸಿಗುವಂತೆ ಬೇಗ ಬರೆ.

ನಿನ್ನ ಸೋದರತ್ತೆ,
ಅನುಸೂಯಮ್ಮ