ತಿದ್ದಿದ ಹೊಲ

ಆತಗೂರು, ಅಕ್ಟೋಬರ್ ೧೯೩೬

ಅಣ್ಣ ಎನಿಸಿಕೊಂಡ ಪುಟ್ಟಸ್ವಾಮಿಗೆ,

ಇಲ್ಲಿ ನಾವು ಕ್ಷೇಮ. ನಿನ್ನ ಕ್ಷೇಮ ಕೇಳಲು ನನಗೆ ಮನಸ್ಸಿಲ್ಲ. ಮಾತು ಬಿಟ್ಟು ಎರಡು ವರ್ಷವಾಗಿದ್ದರಿಂದ ಬರೆಯುತ್ತಿದ್ದೇನೆ.

ನಮ್ಮಿಬ್ಬರ ಹೊಲದ ನಡುವಿನ ಗಡಿಕಲ್ಲು ನನ್ನ ಕಡೆಗೆ ಎರಡು ಮಾರು ಸರಿದಿದೆ. ಅದನ್ನು ಕಂಡೂ ನೀನು ತುಟಿ ಬಿಚ್ಚದೆ ಅಲ್ಲಿಯವರೆಗೂ ಉತ್ತು ಹುರುಳಿ ಚೆಲ್ಲಿದೆ. ಕಲ್ಲು ಕಿತ್ತವನು ನೀನೇ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಅದೊಂದು ಮಾತು ವಾಪಸ್ಸು. ಮಿಕ್ಕ ಬೈಗುಳ ಹಾಗೇ ಇರಲಿ.

ಕಿತ್ತವಳು ನನ್ನ ಮಗಳು ಚಿಕ್ಕಬೋರಿ. ಹೊಲದ ನಕ್ಷೆ ಬರೆಯಲು ಹೇಳಿದ ಮೇಷ್ಟ್ರು, “ನಕ್ಷೆಗೂ ಹೊಲಕ್ಕೂ ತಾಳೆಯಾಗದಿದ್ದರೆ ತಿದ್ದಿಕೊಂಡು ಬನ್ನಿ” ಎಂದರಂತೆ. ಇವಳ ಸ್ಲೇಟಿನಲ್ಲಿ ಹೊಲ ಚೌಕವಾಗಿತ್ತು, ನೆಲದ ಮೇಲೆ ಸೊಟ್ಟಗಿತ್ತು. ಹೋಗಿ ಹೊಲವನ್ನೇ ತಿದ್ದಿದ್ದಾಳೆ. ಗದರಿಸಿ ಕೇಳಿದರೆ, “ನಕ್ಸೆ ಚೆಂದಾಗಿತ್ತು ಕಣಪ್ಪೋ, ಅದ್ನ್ಯಾಕೆ ಅಳಿಸ್ಲಿ?” ಅನ್ನುತ್ತಾಳೆ.

ಸೋಮವಾರ ಶಾನುಭೋಗರನ್ನು ಕರೆಸಿದ್ದೇನೆ. ನೀನೂ ಬಾ. ಬರುವಾಗ ನಿನ್ನ ಮಗಳು ಹೊಂಬಾಳೆಯನ್ನೂ ಕರೆದುಕೊಂಡು ಬಾ. ಕಲ್ಲಿದ್ದ ಹಳೆಯ ಗುಳಿ ನಿನ್ನ ನೇಗಿಲಿಗೆ ಮುಚ್ಚಿಹೋಗಿದೆ. ಅದಿದ್ದ ಜಾಗ ಈಗ ಆ ಮಕ್ಕಳಿಬ್ಬರಿಗೇ ಗೊತ್ತು. ಅಷ್ಟು ಭಾರದ ಕಲ್ಲನ್ನು ನನ್ನ ಮಗಳೊಬ್ಬಳೇ ಹೇಗೆ ಹೊತ್ತಾಳು? ಇನ್ನೊಂದು ತುದಿ ಹಿಡಿದವಳು ನಿನ್ನ ಮಗಳೇ.

ತಮ್ಮನೆಂದು ಬರೆದುಕೊಳ್ಳದ
ಚಲುವರಾಜು